ತೊಂಬತ್ತರ ಸೈನ್

“ಇದ್ರಲ್ಲಿ ಈಕ್ವಲ್ ಟು ಎಲ್ಲಿದೆ ಹಾಗಾದ್ರೆ?”

ಇನ್ಸ್‌ಪೆಕ್ಟರ್ ಪ್ರಮೋದಾ ಯಾರನ್ನೂ ಕೇಳಿದ್ದಲ್ಲ. ಆ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಮುಂದೆ ಮರದ ಮೇಜು. ಮೇಜಿನ ಮೇಲೆ ಬಿಚ್ಚಿ ಹರಡಿದ ಬಿಳಿ ಟವೆಲು. ಟವೆಲಿನ ನಡುವೆ ಅಂಗೈಯಗಲದ, ಕಂದು ಬಣ್ಣದ ಹಳೆಯ ಕ್ಯಾಲ್ಕುಲೇಟರು. ಕೂಡುವುದಿತ್ತು, ಕಳೆಯುವುದಿತ್ತು, ಸೈನ್ ಇತ್ತು, ಲಾಗ್ ಇತ್ತು. ಒಂದೊಂದು ಗುಂಡಿಯ ಮೇಲೂ ಕೆಳಗೂ ಬಣ್ಣಬಣ್ಣದ ಅಕ್ಷರಗಳಿದ್ದವು. ಇರಲೇಬೇಕಾದ ಆ ಎರಡು ಅಡ್ಡಗೆರೆ ಮಾತ್ರ ಎಲ್ಲೂ ಇರಲಿಲ್ಲ.

ಜಡಿಗೇನಹಳ್ಳಿಯ ನಿವೃತ್ತ ಸರ್ವೇಯರ್ ವೆಂಕಟರಾಮಪ್ಪ ಭಾನುವಾರ ಈ ಮನೆ ಬಿಟ್ಟವರು ಗುರುವಾರವಾದರೂ ತಿರುಗಿ ಬಂದಿರಲಿಲ್ಲ. ಅವರ ಬದಲು ಈ ಬೆಳಿಗ್ಗೆ ಅವರ ಕ್ಯಾಲ್ಕುಲೇಟರು ಸಿಕ್ಕಿತ್ತು. ನಂದಗುಡಿ ಕಡೆಯ ಒಂದು ಕೆರೆ ಏರಿಯ ಮೇಲೆ, ಅವರದೇ ಟವೆಲಿನಲ್ಲಿ ಸುತ್ತಿ, ಬಾಳೆ ನಾರಿನಲ್ಲಿ ಬಿಗಿದ ಗಂಟು. ಹಾಲಿನ ಕ್ಯಾನ್ ಹೊತ್ತು ಹೊರಟಿದ್ದವನೊಬ್ಬ ನೋಡಿ ಠಾಣೆಗೆ ಫೋನು ಮಾಡಿದ್ದ. ಬೆರಳಚ್ಚಿನವರು ಪುಡಿ ಹಾಕಿ ನೋಡಿ, ತಲೆಯಾಡಿಸಿ ಹೋಗಿದ್ದರು. ಯಾರೋ ಒರೆಸಿದ್ದರು. ಚೆನ್ನಾಗಿಯೇ ಒರೆಸಿದ್ದರು.

ಗಂಟು ಬಿಗಿದಿದ್ದ ನಾರನ್ನು ಪ್ರಮೋದಾ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದಳು. ನಾರು ಇನ್ನೂ ಒದ್ದೆಯಾಗಿ ಮೆತ್ತಗಿತ್ತು.

“ಇದ್ರಲ್ಲಿ ಈಕ್ವಲ್ ಟು ಇಲ್ಲ ಮೇಡಂ.”

ಬಾಗಿಲಲ್ಲಿ ಪದ್ಮಶ್ರೀ ನಿಂತಿದ್ದಳು. ವೆಂಕಟರಾಮಪ್ಪನವರ ಒಬ್ಬಳೇ ಮಗಳು; ದೇವನಹಳ್ಳಿಯ ಕಾಲೇಜೊಂದರಲ್ಲಿ ಗಣಿತ ಹೇಳುತ್ತಾಳೆ. ಅತ್ತು ಅತ್ತು ಕಣ್ಣು ಊದಿಕೊಂಡಿದ್ದರೂ ಮೇಜಿನ ಮೇಲಿದ್ದುದನ್ನು ಕಂಡಾಗ ಅವಳ ಕೈ ತಾನಾಗಿ ಮುಂದೆ ಬಂತು.

“ಮುಟ್ಟಬಹುದಾ?”

“ಮುಟ್ಟಿ. ಹೇಗೆ ಉಪಯೋಗಿಸೋದು ತೋರ್ಸಿ.”

ಪದ್ಮಶ್ರೀ ಸ್ವಿಚ್ಚು ಸರಿಸಿದಳು. ಕಪ್ಪು ಗಾಜಿನ ಹಿಂದೆ ಸಣ್ಣ ಸಣ್ಣ ಕೆಂಪು ಅಂಕಿಗಳು ಹೊತ್ತಿಕೊಂಡವು.

“ಬೇರೆ ಮಿಷನ್ನಲ್ಲಿ ಎರಡು, ಕೂಡು, ಮೂರು, ಈಕ್ವಲ್ ಟು. ಇದ್ರಲ್ಲಿ ಹಾಗಲ್ಲ. ಎರಡು ಒತ್ತಿ ಎಂಟರ್ ಕೊಡಿ, ಮೂರು ಒತ್ತಿ. ಎರಡೂ ಒಳಗೆ ಹೋಗಿ ಕೂತ್ವಾ? ಈಗ ಕೂಡು ಅನ್ನಿ. ಐದು ಬಂತು, ಮುಗೀತು. ಎಷ್ಟೇ ದೊಡ್ಡ ಲೆಕ್ಕ ಇದ್ರೂ ಕಂಸ ಬೇಡ, ಈಕ್ವಲ್ ಟು ಬೇಡ. ಅಪ್ಪ ಹೇಳೋರು, ‘ಇದು ಅಮೆರಿಕದಲ್ಲಿ ಹುಟ್ಟಿದ್ರೂ ಕನ್ನಡ ಮಾತಾಡೋ ಮಿಷನ್ನು ಕಣೇ. ಯಾರು, ಏನು ಎಲ್ಲಾ ಮೊದಲು ಹೇಳಿ, ಮಾಡೋ ಕೆಲಸ ಕೊನೇಲಿ ಹೇಳುತ್ತೆ’ ಅಂತ.”

ಪ್ರಮೋದಾಳಿಗೆ ಅದು ಥಟ್ಟನೆ ಹಿಡಿಸಿತು. ಅವಳ ತಂದೆ ಗಮಕಿ. ಸಂಜೆ ಜಗುಲಿಯ ಮೇಲೆ ಅವರು ಕಾವ್ಯ ಓದುವಾಗ, ಪದ್ಯದ ತುಂಬ ರಥ ಕುದುರೆ ಬಿಲ್ಲು ಬಾಣ ಎಲ್ಲ ಬಂದು ನಿಂತು, ಯಾರು ಯಾರಿಗೆ ಏನು ಮಾಡಿದರೆಂಬುದು ಕಡೆಯ ಸಾಲಿನವರೆಗೂ ತಿಳಿಯುತ್ತಿರಲಿಲ್ಲ. ಕಾಯಬೇಕಿತ್ತು. ಪೊಲೀಸ್ ತರಬೇತಿಯಲ್ಲಿ ಕಲಿಸದ ಒಂದು ಪಾಠವನ್ನು ಅವಳು ಆ ಜಗುಲಿಯಲ್ಲಿ ಕಲಿತಿದ್ದಳು: ಬಾಯಿಪಾಠ ಒಪ್ಪಿಸುವವನು ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ, ನಿಲ್ಲಬಾರದ ಕಡೆ ಉಸಿರು ಎಳೆದುಕೊಳ್ಳುತ್ತಾನೆ.

“ಎಷ್ಟು ಹಳೇದು ಇದು?”

“ನಾನು ಹುಟ್ಟೋಕ್ ಮುಂಚಿಂದು. ಅಪ್ಪ ಕೆಲಸಕ್ಕೆ ಸೇರ್ದಾಗ ಲಾಗ್ ಟೇಬಲ್ ಪುಸ್ತಕ, ಸ್ಲೈಡ್ ರೂಲು. ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಜೇಬಲ್ಲಿಟ್ಕೊಂಡು ಹೋಗೋ ಸೈಂಟಿಫಿಕ್ ಮಿಷನ್ನು ಬಂತು ನೋಡಿ, ಐದಾರು ವರ್ಷದಲ್ಲೇ ಸ್ಲೈಡ್ ರೂಲು ಮಾಡೋ ಕಾರ್ಖಾನೆಗಳೆಲ್ಲ ಬಾಗಿಲು ಹಾಕ್ಕೊಂಡ್ವಂತೆ. ಇದು ಆ ಜಾತೀದೇ, ಸ್ವಲ್ಪ ಆಮೇಲಿಂದು. ಬೆಂಗಳೂರಿನ ಒಬ್ಬ ಇಂಜಿನಿಯರ್ರು ರಿಟೈರ್ ಆಗ್ವಾಗ ಅಪ್ಪಂಗೆ ಕೊಟ್ಟಿದ್ದು. ಆಮೇಲೆ ಕಪ್ಪು ಅಂಕಿದು ಬಂದ್ವು, ಸೋಲಾರ್ ಪಟ್ಟಿದು ಬಂದ್ವು. ಈಗ ನನ್ನ ಸ್ಟೂಡೆಂಟ್ಸ್ ಹತ್ರ ಇರೋದು ಇಡೀ ಲೆಕ್ಕಾನೇ ಪುಸ್ತಕದಲ್ಲಿದ್ದ ಹಾಗೆ ತೋರ್ಸುತ್ತೆ, ತಪ್ಪಿದ್ರೆ ಹಿಂದಕ್ಕೆ ಹೋಗಿ ತಿದ್ದಬಹುದು. ನಾನೇ ಒಂದು ತಂದ್ಕೊಟ್ಟೆ. ಅಪ್ಪ ಅದನ್ನ ಅಮ್ಮಂಗೆ ಕೊಟ್ಬಿಟ್ರು, ಹಾಲಿನ ಲೆಕ್ಕ ಹಾಕ್ಕೋ ಅಂತ.”

ನಗಲು ಹೊರಟವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಈ ಟವೆಲು?”

“ಬಿಸಿಲಲ್ಲಿ ಈ ಕೆಂಪು ಅಂಕಿ ಕಾಣಲ್ಲ ಮೇಡಂ. ಒಂಚೂರೂ ಕಾಣಲ್ಲ. ಹೊಲದಲ್ಲಿ ಅಪ್ಪ ಟವೆಲ್ಲು ತಲೆ ಮೇಲೆ ಮುಸುಕು ಹಾಕ್ಕೊಂಡು, ಅದರೊಳಗೆ ಮಿಷನ್ ಇಟ್ಕೊಂಡು ನೋಡೋರು. ಹಳೇ ಕಾಲದ ಫೋಟೋದೋರ ಥರ. ಊರೋರೆಲ್ಲ ‘ಮುಸುಕಿನ ಸರ್ವೇಯರ್ರು’ ಅಂತಾನೇ ಕರೀತಿದ್ರು.”

ಹೇಳುತ್ತಾ ಹೇಳುತ್ತಾ ಅವಳ ಹೆಬ್ಬೆರಳು ಒಂಬತ್ತು, ಸೊನ್ನೆ ಒತ್ತಿ, ಸೈನ್ ಒತ್ತಿತು. ಕಣ್ಣಿಗೆ ತಿಳಿಯದಂತೆ ಕೈ ಮಾಡುವ ಕೆಲಸ.

ಅಂಕಿಗಳು ಒಮ್ಮೆ ಮಿಣುಕಿದವು. ಪದ್ಮಶ್ರೀ ಅದನ್ನೇ ಮತ್ತೊಮ್ಮೆ ಒತ್ತಿದಳು.

“ಏನಾಯ್ತು?”

“ಸೊನ್ನೆ ಬಿಂದು ಒಂಬತ್ತು ಎಂಟು ಏಳು ಏಳು.” ಅವಳ ದನಿ ಪಿಸುಗುಟ್ಟಿತು. “ತೊಂಬತ್ತರ ಸೈನ್ ಒಂದು ಮೇಡಂ. ಒಂದೇ ಬರ್ಬೇಕು.”

“ಕೆಟ್ಟಿದೆಯೇನೋ.”

“ಕೆಟ್ಟಿಲ್ಲ.” ಅವಳು ಒಂದು, ಸೊನ್ನೆ, ಸೊನ್ನೆ ಒತ್ತಿ ಮತ್ತೆ ಸೈನ್ ಒತ್ತಿದಳು. ಒಂದು ಬಂತು. “ನೂರಕ್ಕೆ ಒಂದು ಬರ್ತಿದೆ. ಇದನ್ನ ಯಾರೋ ಗ್ರೇಡ್‌ಗೆ ಹಾಕಿದ್ದಾರೆ.”

ಕೋನ ಅಳೆಯಲು ಇಂಥ ಯಂತ್ರಗಳಲ್ಲಿ ಮೂರು ದಾರಿ ಇರುತ್ತವೆ ಎಂದು ಅವಳು ಬಿಡಿಸಿ ಹೇಳಿದಳು. ಡಿಗ್ರಿ ಎಲ್ಲರಿಗೂ ಗೊತ್ತಿರುವುದು: ವೃತ್ತಕ್ಕೆ ಮುನ್ನೂರ ಅರವತ್ತು. ರೇಡಿಯನ್ ಕಾಲೇಜಿನ ಗಣಿತಕ್ಕೆ. ಮೂರನೆಯದು ಗ್ರೇಡ್: ವೃತ್ತಕ್ಕೆ ನಾನೂರು, ಲಂಬಕೋನಕ್ಕೆ ನೂರು. ಫ್ರಾನ್ಸಿನ ಕಡೆ ಹುಟ್ಟಿದ ಪದ್ಧತಿ. ಹೊಸಕೋಟೆ ಸೀಮೆಯಲ್ಲಿ ಅದನ್ನು ಬಳಸಿದವರು ಹುಟ್ಟಿಲ್ಲ.

“ಕೈ ತಾಗಿ ಬದಲಾಗಿರಬಹುದಲ್ಲ?”

“ಬಣ್ಣದ ಬಟನ್ ಒತ್ತಿ, ಆಮೇಲೆ ಇನ್ನೊಂದು ಒತ್ತಬೇಕು. ಬೇಕು ಅಂತಲೇ ಮಾಡ್ಬೇಕು. ಹೊಸ ಮಿಷನ್ನಲ್ಲಾದ್ರೆ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ತೋರ್ಸುತ್ತೆ. ಇದ್ರಲ್ಲಿ ಅದೂ ಇಲ್ಲ. ಯಾವ ಲೆಕ್ಕದಲ್ಲಿದೆ ಅಂತ ಒತ್ತಿ ನೋಡಿದ್ರೇನೇ ಗೊತ್ತಾಗೋದು. ಅದಕ್ಕೇ ಅಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೇವರ ಮನೇಲಿ ದೀಪ ಹಚ್ಚಿ, ಚಾರ್ಜಿಂದ ಇದನ್ನ ಬಿಚ್ಕೊಂಡು ತೊಂಬತ್ತರ ಸೈನ್ ಒತ್ತೋರು. ಒಂದು ಬಂದ್ರೆ ಕಣ್ಣಿಗೊತ್ಕೊಂಡು ಜೇಬಿಗೆ. ಭಾನುವಾರ ನಾನೂ ಇಲ್ಲೇ ಇದ್ದೆ. ಒಂದು ಬಂತು, ನನಗೂ ತೋರ್ಸಿದ್ರು. ಆಮೇಲೇ ಹೊರಟಿದ್ದು.”

ಪ್ರಮೋದಾ ಫೋನು ತೆಗೆದು ಒಂದು ಫೋಟೋ ಹಿಗ್ಗಿಸಿ ಹಿಡಿದಳು. ನಿವೃತ್ತರಾದ ಮೇಲೂ ಲೈಸೆನ್ಸ್ ಪಡೆದು ಅಳತೆ ಮಾಡುತ್ತಿದ್ದ ವೆಂಕಟರಾಮಪ್ಪನವರ ಸಹಿಯಿದ್ದ ನಕ್ಷೆ. ಕೆರೆಯಂಗಳದ ಒಂದು ಪಟ್ಟಿಯನ್ನು ಖಾಸಗಿ ಜಮೀನಿನೊಳಗೆ ಎಳೆದುಕೊಂಡಿದ್ದ ನಕ್ಷೆ. ದೇವನಹಳ್ಳಿಯ ಜಮೀನು ದಲ್ಲಾಳಿ ಕೆಂಪರಾಜ್ ನಿನ್ನೆಯಷ್ಟೇ ಅದನ್ನು ತಾಲೂಕು ಕಚೇರಿಗೆ ಕೊಟ್ಟಿದ್ದ. ಅದರ ಮೇಲಿದ್ದ ತಾರೀಕು ಹಿಂದಿನ ಶುಕ್ರವಾರದ್ದು. ಅಂದರೆ ಮುದುಕರು ಕಾಣೆಯಾಗುವ ಮೊದಲಿನದು.

“ಇದರಲ್ಲೇನಾದ್ರೂ ತಪ್ಪು ಕಾಣುತ್ತಾ?”

ಪದ್ಮಶ್ರೀ ಫೋನನ್ನು ಕಣ್ಣ ಹತ್ತಿರ ತಂದುಕೊಂಡಳು. ಒಂದು ಗೆರೆಯ ಮೇಲೆ ಬೆರಳು ನಿಂತಿತು.

“ಇನ್ನೂರು ಮೀಟರ್ ಗೆರೆ, ಮೂವತ್ತು ಡಿಗ್ರಿ ಕೋನ. ಮೂವತ್ತರ ಸೈನ್ ಅರ್ಧ, ಹತ್ತನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನೂರು ಮೀಟರ್ ಬರ್ಬೇಕು. ಇಲ್ಲಿ ತೊಂಬತ್ತು ಬಿಂದು ಎಂಟು ಬರ್ದಿದ್ದಾರೆ.”

ಅವಳು ಇನ್ನೂರು ಒತ್ತಿದಳು, ಎಂಟರ್ ಒತ್ತಿದಳು, ಮೂವತ್ತರ ಸೈನ್, ಆಮೇಲೆ ಗುಣಿಸು. ಕೆಂಪು ಅಂಕಿಗಳು ತೊಂಬತ್ತು ಬಿಂದು ಎಂಟು ತೋರಿಸಿದವು.

ಪ್ರಮೋದಾ ನಕ್ಷೆಯ ಮೇಲಿನ ತಾರೀಕನ್ನು ಮತ್ತೆ ಹಿಗ್ಗಿಸಿ ನೋಡಿದಳು.

ಭಾನುವಾರ ಬೆಳಿಗ್ಗೆಯವರೆಗೂ ಯಂತ್ರ ಡಿಗ್ರಿಯಲ್ಲಿತ್ತು. ನಕ್ಷೆ ಗ್ರೇಡಿನಲ್ಲಿ ಹುಟ್ಟಿತ್ತು. ಶುಕ್ರವಾರದ ತಾರೀಕು ಸುಳ್ಳು. ಮನೆ ಬಿಟ್ಟ ಮೇಲೆ ಎಲ್ಲೋ, ಯಾರೋ ಎದುರಿಗೆ ನಿಂತು ಈ ನಕ್ಷೆ ಬರೆಸಿದ್ದರು. ವೆಂಕಟರಾಮಪ್ಪ ಎದುರುತ್ತರ ಕೊಟ್ಟಿರಲಿಲ್ಲ. ಎರಡು ಗುಂಡಿ ಒತ್ತಿ, ಕೇಳಿದ್ದೆಲ್ಲ ಬರೆದು, ಸಹಿ ಹಾಕಿ, ಅಳತೆ ಹಿಡಿದು ನೋಡಿದವರ ಕೈಗೆ ಸಿಕ್ಕಿಬೀಳುವಂಥ ನಕ್ಷೆಯನ್ನು ವಿನಯವಾಗಿ ಕೊಟ್ಟಿದ್ದರು.

“ಈ ಸೆಟ್ಟಿಂಗು ಹೀಗೇ ಇರುತ್ತಾ? ನಾನು ಆಫ್ ಮಾಡಿದ್ರೆ?”

“ಆಫ್ ಮಾಡಿದ್ರೂ ನೆನಪಿರುತ್ತೆ. ಬ್ಯಾಟರಿ ಪೂರ್ತಿ ಸತ್ರೆ ಮಾತ್ರ ಎಲ್ಲಾ ಮರ್ತು ಡಿಗ್ರಿಗೇ ವಾಪಸ್ ಬಂದ್ಬಿಡುತ್ತೆ. ಹುಷಾರು ಮೇಡಂ, ಇದರ ಸೆಲ್ಲು ಹಳೇದು. ಸುಮ್ಮನೆ ಇಟ್ಟಿದ್ರೂ ಎರಡು ದಿನಕ್ಕೆ ಮಲಗಿಬಿಡುತ್ತೆ. ಚಾರ್ಜರ್ ಇರೋದೂ ಒಂದೇ, ಮೊಬೈಲ್ ಪಿನ್ನು ಇದಕ್ಕೆ ಹಿಡಿಸಲ್ಲ.”

ಪ್ರಮೋದಾ ಪಂಚನಾಮೆಗೆ ಇಬ್ಬರು ಸಾಕ್ಷಿಗಳನ್ನು ಕರೆಸಿ, ಅವರ ಮುಂದೆಯೇ ತೊಂಬತ್ತರ ಸೈನನ್ನು ವಿಡಿಯೋ ಮಾಡಿಸಿ, ಕ್ಯಾಲ್ಕುಲೇಟರನ್ನು ಚೀಲಕ್ಕೆ ಹಾಕಿಕೊಂಡಳು.

ಹಜಾರದಲ್ಲಿ ವೆಂಕಟರಾಮಪ್ಪನವರ ಹೆಂಡತಿ ಮುನಿವೆಂಕಟಮ್ಮ ನೆಲದ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದರು. ಬೋಗುಣಿಯ ನೀರಿನಲ್ಲಿ ನಾರು ನೆನೆದಿತ್ತು. ನಾಲ್ಕು ದಿನದಿಂದ ಆಕೆ ಹೆಚ್ಚು ಮಾತಾಡಿರಲಿಲ್ಲ. ಗಂಡ ಕಾಣೆಯಾದರೂ ಈಕೆಗೆ ಹೂವಿನ ಚಿಂತೆ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು.

“ಅಮ್ಮ, ಅವರಿಗೆ ಇನ್ಸುಲಿನ್ ಎರಡು ಹೊತ್ತೂ ಬೇಕಂತೆ.”

“ಹೂಂ. ಫ್ರಿಜ್ಜಲ್ಲೈತೆ.”

“ಇಲ್ಲೇ ಇದೆಯಲ್ಲ ಅನ್ನೋದೇ ನನ್ನ ಭಯ. ಇನ್ನೊಂದೆರಡು ದಿನ ಹೀಗೇ ಆದ್ರೆ ಜೀವಕ್ಕೇ ಕಷ್ಟ ಅಂದ್ರು ಡಾಕ್ಟ್ರು.”

ಮುನಿವೆಂಕಟಮ್ಮ ತಲೆಯೆತ್ತಲಿಲ್ಲ. “ಕಾಫಿ ಕುಡೀತೀಯೇನಮ್ಮ?”

ಬಾಗಿಲ ಹೊರಗೆ ಪೊಲೀಸ್ ಜೀಪಿನ ಚಾಲಕ ಬೈರೇಶ್ ಫೋನಿನಲ್ಲಿ ಮುಳುಗಿದ್ದವನು ತಟ್ಟನೆ ಅದನ್ನು ಜೇಬಿಗಿಳಿಸಿದ. “ಹೊರಡೋಣ್ವಾ ಮೇಡಂ? ಎಲ್ಲಿಗೆ?”

“ದೇವನಹಳ್ಳಿಗೆ.”

ಕೆಂಪರಾಜನ ಆಫೀಸು ಕೋಟೆಯ ಹತ್ತಿರ, ಹೋಟೆಲೊಂದರ ಮಹಡಿಯ ಮೇಲಿತ್ತು. ಕೆಳಗಿನಿಂದ ದೋಸೆಯ ವಾಸನೆ. ತಲೆಯ ಮೇಲೆ ಇಳಿಯುವ ವಿಮಾನಗಳ ಸದ್ದಿಗೆ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಗೋಡೆಯ ಮೇಲೆ ದೇವರ ಪಟಗಳ ಜೊತೆ ಲೇಔಟುಗಳ ಪಟಗಳು. ಎರಡಕ್ಕೂ ಒಂದೇ ಅಳತೆಯ ಹಾರ.

“ಬನ್ನಿ ಬನ್ನಿ ಮೇಡಂ. ಎಳನೀರು ತರಿಸ್ಲಾ? ಶುಗರ್ ಇದ್ರೆ ಮಜ್ಜಿಗೆ.”

“ಏನೂ ಬೇಡಿ. ನಕ್ಷೆ ಯಾವತ್ತು ಮಾಡ್ಸಿದ್ದು?”

“ತಾರೀಕು ಬರ್ದೈತಲ್ಲ ಮೇಡಂ. ಶುಕ್ರವಾರ. ಪೊಲೀಸ್ನೋರಿಗೆ ಓದೋಕ್ ಬರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನೇ ಜಗಳ ಆಡ್ತೀನಿ.”

ಅವನೇ ನಕ್ಕ. ಪ್ರಮೋದಾ ನಗಲೂ ಇಲ್ಲ, ಸಿಡುಕಲೂ ಇಲ್ಲ. ಕೈ ಕಟ್ಟಿ ಕೂತಳು. ಕೇಳುವವರು ಸುಮ್ಮನಿದ್ದಷ್ಟೂ ಹೇಳುವವರ ಬಾಯಿ ಸಡಿಲವಾಗುತ್ತದೆ.

“ಹೊಲದಲ್ಲೇ ಮಾಡಿದ್ರಾ?”

“ಹೊಲದಲ್ಲೇ. ಮಟಮಟ ಮಧ್ಯಾಹ್ನ. ನಾನು ಪಕ್ಕದಲ್ಲೇ ನಿಂತಿದ್ದೆ. ಯಜಮಾನ್ರು ಬದು ಮೇಲೆ ಕೂತ್ಕೊಂಡು ಟಕಟಕ ಅಂತ ಒತ್ತಿದ್ರು. ವಯಸ್ಸಾಗಿದ್ರೂ ಏನು ಕೈ ಅಂತೀರಾ! ಕೊನೇಗೆ ಈಕ್ವಲ್ ಟು ಹೊಡೆದು, ಎತ್ತಿ ನನ್ನ ಕಡೆ ಹಿಡಿದ್ರು. ‘ನೋಡಪ್ಪಾ ಕೆಂಪರಾಜು, ಕಲ್ಲು ಇಲ್ಲಿಗೇ ಬೀಳುತ್ತೆ’ ಅಂತ. ಕೆಂಪಗೆ, ಕೆಂಡದ ಥರ ಹೊಳೀತಿತ್ತು ನಂಬರ್ರು. ನಾಲ್ಕು ಮಾರು ದೂರಕ್ಕೂ ಕಾಣ್ಸೋದು.”

ಕೆಂಡದ ಥರ. ಮಟಮಟ ಮಧ್ಯಾಹ್ನ.

ಅವಳು ಚೀಲದಿಂದ ಕ್ಯಾಲ್ಕುಲೇಟರನ್ನು ತೆಗೆದು, ಸ್ವಿಚ್ಚು ಸರಿಸಿ, ಅವನ ಮೇಜಿನ ಮೇಲಿಟ್ಟಳು. ಕೆಂಪರಾಜನ ಕಣ್ಣು ಒಮ್ಮೆ ಅದರ ಮೇಲೆ ಬಿತ್ತು, ಒಮ್ಮೆ ಬಾಗಿಲ ಕಡೆ ಹೋಯಿತು.

“ಇದೇ ತಾನೇ?”

“ಇದೇ.”

“ಆನ್ ಆಗಿದೆ. ಒಂದು ಸಣ್ಣ ಲೆಕ್ಕ ಹಾಕಿ ತೋರ್ಸಿ ನನಗೆ. ಇನ್ನೂರನ್ನ ಎರಡರಿಂದ ಭಾಗಿಸಿ.”

“ಇದೇನ್ ಮೇಡಂ, ಬಾಯಲ್ಲೇ ಹೇಳ್ತೀನಿ. ನೂರು.”

“ಬಾಯಲ್ಲಿ ಬೇಡ. ಯಜಮಾನ್ರು ಒತ್ತಿದ್ದನ್ನ ಪಕ್ಕದಲ್ಲೇ ನಿಂತು ನೋಡಿದ್ರಲ್ಲ. ಹಾಗೇ ಒತ್ತಿ.”

ಅವನು ತಾತ್ಸಾರದಿಂದ ಯಂತ್ರವನ್ನು ಎಳೆದುಕೊಂಡ. ಇನ್ನೂರು ಒತ್ತಿದ. ಭಾಗಿಸು ಒತ್ತಿದ. ಎರಡು ಒತ್ತಿದ. ತೋರುಬೆರಳು ಕೆಳಗಿನ ಬಲಮೂಲೆಗೆ ಹೋಯಿತು, ಅಲ್ಲಿ ಇರಬೇಕಾದದ್ದು ಇರಲಿಲ್ಲ. ಮೇಲಕ್ಕೆ ಬಂತು. ಎಡಕ್ಕೆ ಸರಿಯಿತು. ಗಾಳಿಯಲ್ಲೇ ತಡಕಾಡುತ್ತಾ ನಿಂತಿತು. ಕಪ್ಪು ಗಾಜಿನ ಹಿಂದೆ ಬರೀ ಎರಡು ಉರಿಯುತ್ತಿತ್ತು.

ವಿಮಾನವೊಂದು ತಗ್ಗಿನಲ್ಲಿ ಹಾದುಹೋಯಿತು. ಗಾಜು ನಡುಗಿ ನಿಂತಿತು.

“ಕೆಟ್ಟೋಗೈತೆ ಇದು,” ಎಂದ ಕೆಂಪರಾಜ್.

“ಈಕ್ವಲ್ ಟು ಹುಡುಕ್ತಿದ್ದೀರಾ? ಇಲ್ಲ ಇದ್ರಲ್ಲಿ. ಯಾವತ್ತೂ ಇರ್ಲಿಲ್ಲ.”

ಪ್ರಮೋದಾ ಎದ್ದು ಯಂತ್ರವನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಕೆಂಪು ಎರಡು ಕರಗಿ ಮಾಯವಾಯಿತು. ಬರೀ ಕಪ್ಪು ಗಾಜು, ಅದರಲ್ಲಿ ಆಕಾಶದ ಒಂದು ತುಂಡು.

“ಬಿಸಿಲಲ್ಲಿ ಇದು ಕುರುಡು, ಕೆಂಪರಾಜ್ ಅವರೇ. ಕೆಂಡದ ಥರ ಹೊಳೆಯೋದು ಕತ್ತಲೆ ಕೋಣೇಲಿ ಮಾತ್ರ. ಬಾಗಿಲು ಹಾಕಿದ ಕೋಣೇಲಿ. ಆ ಕೋಣೆ ಎಲ್ಲಿದೆ?”

ಅವನ ಮುಖದ ಉಪಚಾರ ಒಂದೊಂದಾಗಿ ಕಳಚಿತು. ಕುರ್ಚಿಗೆ ಒರಗಿ, ಟೇಬಲ್ಲಿನ ಮೇಲಿದ್ದ ಕಾರಿನ ಬೀಗದ ಕೈ ತಿರುಗಿಸತೊಡಗಿದ.

“ನೋಡಿ ಮೇಡಂ. ಕೆರೆ ಏರಿ ಮೇಲೆ ಟವೆಲ್ ಗಂಟಲ್ಲಿ ಬಿದ್ದಿದ್ದ ಒಂದು ಗುಜರಿ ಡಬ್ಬಾ ತಂದು ನನ್ನ ಮುಂದೆ ಇಟ್ಟು ಹೆದರಿಸ್ತೀರಲ್ಲ, ನಾಳೆ ಕೋರ್ಟಲ್ಲಿ ಜಡ್ಜ್ ಮುಂದೆ ಇದನ್ನೇ ಸಾಕ್ಷಿ ಕಟ್ಟೇಲಿ ನಿಲ್ಲಿಸ್ತೀರಾ? ‘ಹೇಳಪ್ಪಾ ಕ್ಯಾಲ್ಕುಲೇಟರ್ರು, ಸತ್ಯವನ್ನೇ ಹೇಳ್ತೀನಿ’ ಅಂತ?”

ಕೆರೆ ಏರಿ. ಟವೆಲ್ ಗಂಟು. ಅವಳು ಎರಡನ್ನೂ ಹೇಳಿರಲಿಲ್ಲ. ಪತ್ರಿಕೆಯವರಿಗೂ ತಿಳಿಸಿರಲಿಲ್ಲ. ಫೋನು ಮಾಡಿದ ಹಾಲಿನವನನ್ನು ಹೇಳಿಕೆಗೆಂದು ಬೆಳಿಗ್ಗೆಯಿಂದ ಠಾಣೆಯಲ್ಲೇ ಕೂರಿಸಿದ್ದರು.

ಅವಳು ಮುಖದಲ್ಲಿ ಏನನ್ನೂ ತೋರಿಸಲಿಲ್ಲ.

“ವೆಂಕಟರಾಮಪ್ಪ ಸತ್ರೆ ನಿಮ್ಮ ಮೇಲೆ ಕೊಲೆ ಕೇಸು. ಇನ್ಸುಲಿನ್ ಇಲ್ಲದೆ ಒದ್ದಾಡ್ತಿರ್ತಾರೆ. ಎಲ್ಲಿಟ್ಟಿದ್ದೀರಾ ಹೇಳಿ.”

ಆಗ ಕೆಂಪರಾಜ್ ಮಾಡಿದ್ದು ಅವಳು ನಿರೀಕ್ಷಿಸದಿದ್ದ ಕೆಲಸ. ಅವನು ರೇಗಿದ. ಸುಳ್ಳು ಹೇಳುವವನ ರೇಗಲ್ಲ, ಕೈಗೆ ಸಿಕ್ಕಿದ್ದು ಜಾರಿಹೋದವನ ರೇಗು.

“ನನ್ನ ಹತ್ರ ಇದ್ದಿದ್ರೆ ಈ ಮಾತು ಯಾಕಮ್ಮ ಆಡಿಸ್ಕೊಳ್ತಿದ್ದೆ? ಹುಡುಕಿ, ನೀವೂ ಹುಡುಕಿ. ನಮ್ಮ ಹುಡುಗ್ರೂ ಹುಡುಕ್ತಾ ಅವ್ರೆ. ಮುದುಕ ಯಾರ ಕೈಗೆ ಮೊದಲು ಸಿಗ್ತಾನೆ ನೋಡೋಣ!”

ಬಾಯಿಂದ ಬಿದ್ದ ಮೇಲೆ ಅವನಿಗೇ ಕೇಳಿಸಿತು. ಬೀಗದ ಕೈ ತಿರುಗುವುದು ನಿಂತಿತು.

“ನನ್ನ ವಕೀಲರು ಬರೋವರ್ಗೂ ಇನ್ನೊಂದು ಮಾತಾಡಲ್ಲ,” ಎಂದ.

ಅವನನ್ನು ದೇವನಹಳ್ಳಿ ಠಾಣೆಯವರ ವಶಕ್ಕೆ ಬಿಟ್ಟು ಪ್ರಮೋದಾ ಜೀಪು ಹತ್ತಿದಳು.

ಮುದುಕರು ತಪ್ಪಿಸಿಕೊಂಡಿದ್ದರು. ಹಾಗಾದರೆ ಇದ್ದಾರೆ, ಎಲ್ಲೋ ಇದ್ದಾರೆ. ಕೆಂಪರಾಜ್ ಒಳಗಿದ್ದರೂ ಅವನ ಹುಡುಗರು ಹೊರಗಿದ್ದರು. ಸಹಿ ಹಾಕಿದ ಕೈಯೊಂದು ಬದುಕಿದ್ದು, ನಕ್ಷೆ ಸುಳ್ಳೆಂದು ಹೇಳುವುದು ಅವರಿಗೆ ಬೇಕಿರಲಿಲ್ಲ.

ಅವಳು ಕ್ಯಾಲ್ಕುಲೇಟರನ್ನು ಮಡಿಲಲ್ಲಿಟ್ಟುಕೊಂಡು, ಅಂಗೈ ಮರೆಮಾಡಿ, ಸ್ವಿಚ್ಚು ಸರಿಸಿದಳು. ಕೆಂಪು ಅಂಕಿಗಳು ಝಗ್ಗನೆ ಹೊತ್ತಿದವು. ಮಂಕಿಲ್ಲ, ಮಿಣುಕಿಲ್ಲ. ಹೊಸ ಜೀವ.

ಸುಮ್ಮನೆ ಇಟ್ಟಿದ್ದರೂ ಎರಡು ದಿನಕ್ಕೆ ಮಲಗಿಬಿಡುತ್ತದೆ ಎಂದಿದ್ದಳು ಪದ್ಮಶ್ರೀ. ಭಾನುವಾರ ಬೆಳಿಗ್ಗೆ ಚಾರ್ಜಿನಿಂದ ಬಿಚ್ಚಿದ್ದು. ಇವತ್ತು ಗುರುವಾರ.

ಪ್ರಮೋದಾಳ ಬೆನ್ನು ನೆಟ್ಟಗಾಯಿತು.

ಯಾರೋ ನಿನ್ನೆಯೋ ಮೊನ್ನೆಯೋ ಇದಕ್ಕೆ ಜೀವ ತುಂಬಿದ್ದರು. ಇಲ್ಲದಿದ್ದರೆ ಬ್ಯಾಟರಿ ಸತ್ತು, ಯಂತ್ರ ಎಲ್ಲ ಮರೆತು, ತೊಂಬತ್ತರ ಸೈನ್ ಮತ್ತೆ ಒಂದಾಗಿ, ಮುದುಕರ ಸಾಕ್ಷಿ ಅಳಿಸಿಹೋಗುತ್ತಿತ್ತು. ಅದನ್ನು ಅಳಿಸಗೊಡದೆ ಕಾದು, ಮೈ ಒರೆಸಿ, ಟವೆಲಿನಲ್ಲಿ ಸುತ್ತಿ, ಪೊಲೀಸರ ಕೈಗೆ ಸಿಗುವ ಹಾಗೆ ಏರಿಯ ಮೇಲೆ ಇಟ್ಟಿದ್ದರು. ಚಾರ್ಜರ್ ಇರುವುದು ಒಂದೇ. ಅದಿರುವುದು ದೇವರ ಮನೆಯಲ್ಲಿ.

ಮತ್ತು ನೀರಲ್ಲಿ ನೆನೆದ ಬಾಳೆ ನಾರು.

“ಬೈರೇಶ್, ಜಡಿಗೇನಹಳ್ಳಿಗೆ ತಿರುಗ್ಸು.”

“ಮತ್ತೆ ಯಾಕೆ ಮೇಡಂ? ಏನಾದ್ರೂ ಸುಳಿವು ಸಿಕ್ತಾ?”

ಕನ್ನಡಿಯಲ್ಲಿ ಅವನ ಕಣ್ಣು ಅವಳನ್ನೇ ನೋಡುತ್ತಿತ್ತು. ಬೆಳಿಗ್ಗೆ ಏರಿಯ ಮೇಲೆ ಅವಳು ಗಂಟು ಬಿಚ್ಚುವಾಗ ಪಕ್ಕದಲ್ಲಿ ನಿಂತಿದ್ದವನು ಇವನೊಬ್ಬನೇ.

“ಬಿಸಿಲು ಜಾಸ್ತಿ. ಆ ಅಮ್ಮ ಕಾಫಿ ಕೊಡ್ತೀನಿ ಅಂದಿದ್ರು,” ಎಂದಳು ಪ್ರಮೋದಾ.

ಮುನಿವೆಂಕಟಮ್ಮ ದೇವರ ಮನೆಯಲ್ಲಿದ್ದರು. ಬೆಳಗಿನ ಕನಕಾಂಬರ ಪಟಗಳ ಮೇಲೆ ಏರಿತ್ತು. ಗೂಡಿನ ಪಕ್ಕದ ಸ್ವಿಚ್‌ಬೋರ್ಡಿನಲ್ಲಿ ಕಪ್ಪು ಇಟ್ಟಿಗೆಯಂಥ ಚಾರ್ಜರು. ಅದರ ವೈರನ್ನು ಸುರುಳಿ ಸುತ್ತಿ, ಬಾಳೆ ನಾರಿನ ತುಂಡಿನಿಂದ ಕಟ್ಟಿತ್ತು.

ಪ್ರಮೋದಾ ಪ್ಲಾಸ್ಟಿಕ್ ಕವರನ್ನು ಅದರ ಪಕ್ಕ ಹಿಡಿದಳು. ಒಂದೇ ನಾರು. ಒಂದೇ ಗಂಟು, ಹೂ ಕಟ್ಟುವವರು ಮಾಲೆಯ ಕೊನೆಗೆ ಹಾಕುವ, ಎಳೆದರೆ ಬಿಗಿಯಾಗುವ ಗಂಟು.

ಹಿಂದೆಯೇ ಬಂದಿದ್ದ ಪದ್ಮಶ್ರೀ ಮೊದಲು ನಾರನ್ನು ನೋಡಿದಳು, ಆಮೇಲೆ ತಾಯಿಯನ್ನು.

“ಅಮ್ಮಾ?” ದನಿ ಒಡೆಯಿತು. “ಅಮ್ಮಾ, ನಿಂಗೊತ್ತಿತ್ತಾ? ನಾಲ್ಕ್ ದಿನದಿಂದ ನಾನಿಲ್ಲಿ ಸಾಯ್ತಾ ಇದ್ರೆ, ನಿಂಗೊತ್ತಿತ್ತಾ?”

“ಕಿರುಚಬೇಡ. ಬಾಗಿಲು ಹಾಕು.”

“ಅಪ್ಪ ಬದುಕಿದ್ದಾರಾ?”

ಮುನಿವೆಂಕಟಮ್ಮ ದೀಪದ ಬತ್ತಿಯನ್ನು ಮುಂದಕ್ಕೆ ತಳ್ಳಿ, ಬೆರಳಿಗಂಟಿದ ಎಣ್ಣೆಯನ್ನು ತಲೆಗೆ ಒರೆಸಿಕೊಂಡರು.

“ಅವ್ರೆ.”

ಪದ್ಮಶ್ರೀ ಗೋಡೆಗೆ ಒರಗಿ ಹಾಗೆಯೇ ಕುಸಿದು ಕೂತಳು. ಬಾಯಿಗೆ ಸೆರಗು ತುರುಕಿಕೊಂಡರೂ ಅಳು ನಿಲ್ಲಲಿಲ್ಲ.

ಪ್ರಮೋದಾ ಮುದುಕಿಯ ಎದುರು ನೆಲದ ಮೇಲೆ ಕೂತಳು. ಟೋಪಿಯನ್ನು ಪಕ್ಕಕ್ಕಿಟ್ಟಳು.

“ಸೂಜಿ, ಔಷಧಿ?”

“ಅದನ್ನ ನಾನು ನೋಡ್ಕೋತೀನಿ.”

“ಕೆಂಪರಾಜನ ಹುಡುಗ್ರು ಹುಡುಕ್ತಿದ್ದಾರೆ ಅಮ್ಮ. ಅವನ ಬಾಯಿಂದಾನೇ ಕೇಳ್ಕೊಂಡ್ ಬಂದೆ. ಊರೂರು ಜಾಲಾಡ್ತಾರೆ. ಒಂದು ಸಲ ಅವರಿಗೆ ಗೊತ್ತಾದ್ರೆ ನೀವೊಬ್ರೇ ಏನ್ ಮಾಡ್ತೀರಾ? ಅವರನ್ನ ನನ್ನ ಕೈಗೆ ಒಪ್ಪಿಸಿ. ಆಸ್ಪತ್ರೇಲಿ ಇಡ್ತೀನಿ, ಬಾಗಿಲಿಗೆ ಕಾವಲು ಹಾಕ್ತೀನಿ.”

“ಯಾರನ್ನ ಹಾಕ್ತೀಯಾ ಕಾವಲಿಗೆ?”

ಆ ಪ್ರಶ್ನೆ ಮೆಲ್ಲಗೆ ಬಂತು.

ಮುನಿವೆಂಕಟಮ್ಮ ಗದ್ದವನ್ನು ಕಿಟಕಿಯ ಕಡೆ ಎತ್ತಿದರು. ಅಂಗಳದಾಚೆ ಜೀಪು ನಿಂತಿತ್ತು. ಜೀಪಿಗೆ ಬೆನ್ನು ಕೊಟ್ಟು, ಮನೆಯ ಕಡೆ ಮುಖ ಮಾಡಿ, ಬೈರೇಶ್ ಫೋನನ್ನು ಕಿವಿಗೆ ಹಿಡಿದಿದ್ದ. ತುಟಿಗಳು ಬೇಗ ಬೇಗ ಆಡುತ್ತಿದ್ದವು.

“ಭಾನುವಾರ ಯಜಮಾನ್ರನ್ನ ಕಾರಿಗೆ ಹತ್ತಿಸ್ದೋರಲ್ಲಿ ಒಬ್ಬ ಖಾಕಿ ಪ್ಯಾಂಟು ಹಾಕಿದ್ನಂತೆ ಕಣಮ್ಮ. ಅವರೇ ಹೇಳಿದ್ದು. ಮುಖ ಕಾಣ್ಲಿಲ್ಲ. ಖಾಕಿ ಕಾಣ್ತಂತೆ.”

ದೀಪ ಒಮ್ಮೆ ಓಲಾಡಿ ನೆಟ್ಟಗಾಯಿತು.

“ನಾನು ಅವನನ್ನ ಈಗಲೇ ಠಾಣೆಗೆ ಕಳಿಸ್ತೀನಿ,” ಎಂದಳು ಪ್ರಮೋದಾ. ಅವಳ ದನಿಯಲ್ಲಿ ಇನ್ಸ್‌ಪೆಕ್ಟರಿನ ಗತ್ತು ಉಳಿದಿರಲಿಲ್ಲ. “ಜೀಪು ಬೇಡ. ನನ್ನ ಸ್ಟೇಷನ್ನಿನ ಒಬ್ರೂ ಬೇಡ. ನಾನೊಬ್ಳೇ ನಿಮ್ಮ ಜೊತೆ ನಡ್ಕೊಂಡ್ ಬರ್ತೀನಿ. ಈ ದೇವರ ಮುಂದೆ ದೀಪ ಮುಟ್ಟಿ ಮಾತು ಕೊಡ್ತೀನಿ ಅಮ್ಮ. ಎಲ್ಲಿದ್ದಾರೆ, ನನಗೊಬ್ಳಿಗೇ ಹೇಳಿ. ಕಿವೀಲಿ ಹೇಳಿ ಸಾಕು.”

ಅವಳ ಕೈ ದೀಪದ ಕಡೆ ಚಾಚಿತ್ತು. ಮುನಿವೆಂಕಟಮ್ಮ ಆ ಕೈಯನ್ನು ಹಿಡಿದರು. ಬಿಗಿಯಾಗಿ ಅಲ್ಲ, ಹಬ್ಬಕ್ಕೆ ಬಂದ ಮಗಳ ಕೈ ಹಿಡಿದ ಹಾಗೆ. ಹಿಡಿದು, ದೀಪದಿಂದ ದೂರ ಸರಿಸಿ, ಅವಳ ಮಡಿಲಲ್ಲೇ ಇಟ್ಟರು.

“ಹೇಳಲ್ಲ,” ಎಂದರು.